ಬೆನ್ನಿಗೂ ಬ್ರೇಕಿಗೂ ನಡುವೆ

ಗಾಲ್ಫ್ ಕಾರ್ಟಿನ ಸೀಟು ಮುಂದಕ್ಕೂ ಬರುವುದಿಲ್ಲ, ಹಿಂದಕ್ಕೂ ಸರಿಯುವುದಿಲ್ಲ. ಕಾರಿನಲ್ಲಾದರೆ ಕೂತ ಕೂಡಲೇ ಸೀಟಿನಡಿ ಕೈ ಹಾಕಿ, ಸರಳು ಎತ್ತಿ, ಮುಂದಕ್ಕೆ ಎಳೆದುಕೊಳ್ಳುತ್ತೇವೆ. ನನ್ನ ಹಾಗೆ ನಾಲ್ಕು ಅಡಿ ಹತ್ತು ಇಂಚು ಎತ್ತರದವರಿಗೆ ಬೆಲ್ಟ್ ಹಾಕುವುದಕ್ಕೂ ಮೊದಲಿನ ಕೆಲಸ ಅದು. ಕಾರ್ಟಿನಲ್ಲಿ ಆ ಸರಳೂ ಇಲ್ಲ, ಹಳಿಯೂ ಇಲ್ಲ. ಇಬ್ಬರಿಗೂ ಸೇರಿ ಒಂದೇ ಬೆಂಚು, ಅದರ ಹಿಂದೆ ಒಂದೇ ಒರಗು. ಬೆಂಚಿನ ಮೆತ್ತೆ ಎತ್ತಿ ನೋಡಿದರೆ ಕಾರಣ ಕಾಣುತ್ತದೆ. ಕೆಳಗೆ ಒತ್ತೊತ್ತಾಗಿ ಕೂರಿಸಿದ ಆರು ಲೆಡ್ ಆಸಿಡ್ ಬ್ಯಾಟರಿಗಳು, ಒಂದೊಂದೂ 28 ಕಿಲೋ ಆಸುಪಾಸು. ಗಾಡಿಯ ಭಾರವೆಲ್ಲ ತಳದಲ್ಲೇ ನಿಲ್ಲಲಿ ಎಂದು ಅವನ್ನು ಅಲ್ಲಿ ಇಡುತ್ತಾರೆ. ಬ್ಯಾಟರಿಗೆ ಡಿಸ್ಟಿಲ್ಡ್ ನೀರು ಹಾಕಲು ಮೆತ್ತೆಯನ್ನು ಆಗಾಗ ಎತ್ತಲೇಬೇಕಾದ್ದರಿಂದ ಅದೇ ಬ್ಯಾಟರಿ ಪೆಟ್ಟಿಗೆಯ ಮುಚ್ಚಳವೂ ಹೌದು. ಕೂರುವವರ ಕಾಲು ಉದ್ದವೋ ಗಿಡ್ಡವೋ ಎಂಬ ಪ್ರಶ್ನೆಗೆ ಅಲ್ಲಿ ಜಾಗವೇ ಉಳಿದಿಲ್ಲ.

ಗಾಲ್ಫ್ ಮೈದಾನದಲ್ಲಿ ವಾರಕ್ಕೊಮ್ಮೆ ಹತ್ತಿಳಿಯುವ ಗಾಡಿಯಾಗಿದ್ದರೆ ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವ ಅಗತ್ಯವಿರಲಿಲ್ಲ. ನಾನಿರುವುದು ಜಾರ್ಜಿಯಾ ರಾಜ್ಯದ ಪೀಚ್‌ಟ್ರೀ ಸಿಟಿಯಲ್ಲಿ. ಅಟ್ಲಾಂಟಾದ ನೈಋತ್ಯಕ್ಕೆ, ಹತ್ತಿರ ಹತ್ತಿರ 50 ಕಿಲೋಮೀಟರ್ ದೂರ. 1959ರಲ್ಲಿ ಊರೆಂಬ ಸನ್ನದು ಪಡೆದ, ಮೊದಲೇ ನಕ್ಷೆ ಹಾಕಿ ಕಟ್ಟಿದ ಊರು ಇದು. ಇಲ್ಲಿ ಮೋಟಾರು ರಸ್ತೆಗಳಿಂದ ಬೇರೆಯಾಗಿ, ಪೈನ್ ಮರಗಳ ನಡುವೆ ಹಾದುಹೋಗುವ ಡಾಂಬರಿನ ಕಿರುದಾರಿಗಳ ಜಾಲವಿದೆ. ಎಲ್ಲ ಕೂಡಿಸಿದರೆ 160 ಕಿಲೋಮೀಟರಿಗೂ ಹೆಚ್ಚು. ನಡೆಯುವವರು, ಸೈಕಲ್ಲಿನವರು, ನಾಯಿ ಹಿಡಿದು ಬರುವವರು, ಗಾಲ್ಫ್ ಕಾರ್ಟಿನವರು ಎಲ್ಲರದ್ದೂ ಅದೇ ದಾರಿ. ಊರಿನಲ್ಲಿ ನೋಂದಣಿಯಾದ ಕಾರ್ಟುಗಳು ಹತ್ತು ಸಾವಿರ ದಾಟುತ್ತವೆ. ಮಕಿಂಟಾಶ್ ಹೈಸ್ಕೂಲಿನ ಹೊರಗೆ ಮಕ್ಕಳು ತಂದ ಕಾರ್ಟುಗಳು ಸಾಲುಗಟ್ಟಿ ನಿಂತಿರುವುದನ್ನು ಹೊಸಬರು ನಿಂತು ನೋಡುತ್ತಾರೆ. ನನ್ನ ದಿನಸಿ, ಗ್ರಂಥಾಲಯ, ಹಲ್ಲಿನ ಡಾಕ್ಟರು, ಸಂಜೆ ಕೆರೆದಂಡೆಯ ಗಾಳಿ ಎಲ್ಲಕ್ಕೂ ಕಾರ್ಟೇ ವಾಹನ. ಗಾಲ್ಫ್ ಕೋಲನ್ನು ನಾನು ಕೈಯಲ್ಲಿ ಹಿಡಿದದ್ದೂ ಇಲ್ಲ.

ಹೀಗೆ ಇಡೀ ಊರು ಓಡಾಡುವ ಗಾಡಿಯಲ್ಲಿ ಊರಿನ ಒಂದು ದೊಡ್ಡ ಪಾಲು ಜನರಿಗೆ ಸರಿಯಾಗಿ ಕೂರಲು ಆಗುವುದಿಲ್ಲ ಎಂಬುದು ನನ್ನನ್ನು ಬಹಳ ಕಾಡಿದ ವಿಷಯ. ಗಿಡ್ಡ ಹೆಂಗಸರು, ವಯಸ್ಸಾಗಿ ಕುಗ್ಗಿದವರು, ಹದಿಹರೆಯದ ಮಕ್ಕಳು. ದಾರಿಯಲ್ಲಿ ಎದುರಾಗುವವರನ್ನು ಗಮನಿಸಿ ನೋಡಿದರೆ ತಿಳಿಯುತ್ತದೆ. ಒರಗಿಗೂ ಅವರ ಬೆನ್ನಿಗೂ ನಡುವೆ ಒಂದು ಗೇಣು ಬೆಳಕು ಹಾಯುತ್ತಿರುತ್ತದೆ.

ಇದರ ಹಿಂದಿನ ಕಥೆ ನನಗೆ ತಿಳಿದಾಗ ಬೇಸರ ಹೆಚ್ಚಾಯಿತು. ಗಾಲ್ಫ್ ಕಾರ್ಟ್ ಹುಟ್ಟಿದ್ದೇ ದೇಹ ಸಹಕರಿಸದವರಿಗಾಗಿ. 1930ರ ದಶಕದಿಂದ 1950ರವರೆಗೆ ಅದನ್ನು ಹೆಚ್ಚಾಗಿ ಬಳಸಿದವರು ದೂರ ನಡೆಯಲಾಗದವರು, ಅಂಗವಿಕಲರು. ಎರಡನೇ ಮಹಾಯುದ್ಧದ ಕಾಲದ ಪೆಟ್ರೋಲ್ ಪಡಿತರದಿಂದಾಗಿ ವಿದ್ಯುತ್ ಗಾಡಿ ಕಟ್ಟುವುದನ್ನು ಕಲಿತಿದ್ದ ಕ್ಯಾಲಿಫೋರ್ನಿಯಾದ ಮರ್ಲ್ ವಿಲಿಯಮ್ಸ್ 1951ರಲ್ಲಿ ತನ್ನ ಮಾರ್ಕೆಟಿಯರ್ ಕಂಪನಿಯಿಂದ ಅವುಗಳ ತಯಾರಿಕೆ ಶುರು ಮಾಡಿದ. 1954ರಲ್ಲಿ ನಮ್ಮ ಜಾರ್ಜಿಯಾದ ಆಗಸ್ಟಾದಲ್ಲಿ ಇಬ್ಬರು ಅಣ್ಣತಮ್ಮಂದಿರು ಈಜಿಗೋ ಕಂಪನಿ ತೆರೆದರು. ಕ್ಲಬ್ ಕಾರ್ ಕೂಡ ಆಮೇಲೆ ಅದೇ ಊರಿಗೆ ಬಂತು. ಯಮಹಾ ಕಾರ್ಟುಗಳು ತಯಾರಾಗುವ ನ್ಯೂನನ್ ನಮ್ಮ ಪಕ್ಕದ ಕೌಂಟಿಯಲ್ಲೇ ಇದೆ. ಅಲ್ಲಿಂದಾಚೆ ಗಾಡಿಯ ಗಿರಾಕಿ ಯಾರು? ಗಾಲ್ಫ್ ಕ್ಲಬ್ಬುಗಳು. ಕ್ಲಬ್ಬುಗಳ ಸದಸ್ಯರು ಯಾರು? ಬಹುಪಾಲು ಗಂಡಸರು. ಕಾರ್ಟುಗಳ ತವರಾದ ಆಗಸ್ಟಾದಲ್ಲೇ ಇರುವ ಆಗಸ್ಟಾ ನ್ಯಾಷನಲ್ ಕ್ಲಬ್ ಮೊದಲ ಬಾರಿಗೆ ಹೆಂಗಸರನ್ನು ಸದಸ್ಯರನ್ನಾಗಿ ಸೇರಿಸಿಕೊಂಡಿದ್ದು 2012ರಲ್ಲಿ, ಕಾಂಡೊಲೀಜಾ ರೈಸ್ ಮತ್ತು ಡಾರ್ಲಾ ಮೂರ್ ಅವರನ್ನು. ಬೆಂಚಿನ ಆಳ ಯಾರ ತೊಡೆಗೆ ಹೊಂದುವಂತೆ ನಿಂತಿತು ಎಂದು ನಾನು ಬೇರೆ ಹೇಳಬೇಕಿಲ್ಲ.

ಆಳ ಅಂದೆನಲ್ಲ, ತೊಂದರೆಯ ಬೇರು ಇರುವುದು ಅಲ್ಲೇ. ಗಿಡ್ಡವರ ಕಷ್ಟ ಅಂದರೆ ಎಲ್ಲರೂ ಎತ್ತರದ ಲೆಕ್ಕದಲ್ಲೇ ಯೋಚಿಸುತ್ತಾರೆ: ಮುಂದಿನದು ಕಾಣುತ್ತದೋ ಇಲ್ಲವೋ ಎಂದು. ಕಾರ್ಟಿನಲ್ಲಿ ಕಾಣುವುದೇನೋ ಕಾಣುತ್ತದೆ, ಬಾನೆಟ್ಟೇ ಇಲ್ಲದ ಗಾಡಿ ಅದು. ಆಗದಿರುವುದು ಕೂರಲು. ನಮ್ಮ ಗಾಡಿಯ ಬೆಂಚು ಒರಗಿನಿಂದ ಮುಂದಿನ ಅಂಚಿನವರೆಗೆ 19 ಇಂಚು. ಪೃಷ್ಠದಿಂದ ಮೊಣಕಾಲಿನ ಹಿಂಬದಿಯ ತನಕ ನನ್ನ ತೊಡೆಯ ಉದ್ದ ಹದಿನಾರೂವರೆ. ಬೆನ್ನನ್ನು ಒರಗಿಗೆ ತಾಗಿಸಿ ಕೂತರೆ ಮೊಣಕಾಲು ಮಡಿಚುವ ಜಾಗಕ್ಕೆ ಬರುವ ಮೊದಲೇ ಕಾಲು ಮೆತ್ತೆಯ ಮೇಲೆ ನೀಳವಾಗಿ ಚಾಚಿಕೊಳ್ಳುತ್ತದೆ, ಅಂಚು ಮೀನಖಂಡವನ್ನು ಒತ್ತುತ್ತದೆ, ಪಾದಗಳು ನೇತಾಡುತ್ತವೆ. ಕಾಲು ಮಡಿಚಲೇಬೇಕು, ಪೆಡಲ್ ತುಳಿಯಲೇಬೇಕು. ಹಾಗಾಗಿ ದೇಹ ತಾನಾಗಿಯೇ ಮುಂದಕ್ಕೆ ಜಾರಿ ಬೆಂಚಿನ ತುದಿಗೆ ಬಂದು ಕೂರುತ್ತದೆ. ಅಲ್ಲಿ ಬೆನ್ನಿಗೆ ಆಸರೆ ಇಲ್ಲ. ಆಸರೆಗೆ ಸಿಗುವುದು ಸ್ಟಿಯರಿಂಗ್ ಒಂದೇ. ಕೈಗಳು ಅದನ್ನು ತಿರುಗಿಸುವುದಕ್ಕಿಂತ ಹೆಚ್ಚಾಗಿ ಅದಕ್ಕೆ ಜೋತುಬೀಳುತ್ತವೆ.

ಜೋತುಬೀಳುವುದು ಎಷ್ಟು ಅಪಾಯ ಎಂಬುದು ತಿರುವಿನಲ್ಲಿ ಗೊತ್ತಾಗುತ್ತದೆ. ಅಮೆರಿಕದಲ್ಲಿ ಚಾಲಕರು ಕೂರುವುದು ಎಡಗಡೆ. ಬಲಕ್ಕೆ ಜೋರಾಗಿ ತಿರುಗಿದರೆ ಮೈ ಎಡಕ್ಕೆ, ಅಂದರೆ ಹೊರಕ್ಕೆ ವಾಲುತ್ತದೆ. ಬಾಗಿಲಿಲ್ಲ. ಸೊಂಟದ ಪಕ್ಕ ಬೆಂಚಿನ ಕೊನೆಯಲ್ಲಿ ಒಂದು ಪುಟ್ಟ ಕಂಬಿ ಇರುತ್ತದೆ ಅಷ್ಟೆ, ಅದೂ ಹಿಂದಕ್ಕೆ ಸರಿದು ಕೂತವರಿಗೆ ಮಾತ್ರ ಆಸರೆಯಾಗುವಂಥದ್ದು. ತುದಿಯಲ್ಲಿ ಕೂತವರ ಸೊಂಟ ಅದನ್ನು ದಾಟಿ ಮುಂದಿರುತ್ತದೆ. ವಾಲಿದ ಮೈಯನ್ನು ತಡೆಯಲು ಕೈ ಸ್ಟಿಯರಿಂಗನ್ನು ಎಳೆಯುತ್ತದೆ, ಎಳೆದಷ್ಟೂ ಗಾಡಿ ಇನ್ನೆಲ್ಲಿಗೋ ತಿರುಗುತ್ತದೆ. ಮೈದಾನಕ್ಕೆಂದು ತಯಾರಾಗುವ ಗಾಲ್ಫ್ ಕಾರ್ಟಿಗೆ ತಯಾರಿಕೆಯಲ್ಲೇ ಹಾಕಿರುವ ವೇಗದ ಮಿತಿ ಗಂಟೆಗೆ 15 ಮೈಲಿ, ಅಂದರೆ 24 ಕಿಲೋಮೀಟರು. ಕಡಿಮೆ ಅನ್ನಿಸಬಹುದು. ಏನೂ ಹಿಡಿತವಿಲ್ಲದೆ ಬೀಳುವ ಮೈಗೆ ಅದು ಕಡಿಮೆ ವೇಗವೇನಲ್ಲ.

ಬ್ರೇಕಿನದು ಇನ್ನೊಂದು ಕಥೆ. ನಮ್ಮ ಕಾರ್ಟಿನಲ್ಲಿ ಬ್ರೇಕ್ ಪೆಡಲಿನ ಮೇಲ್ತುದಿಗೆ ಒಂದು ಸಣ್ಣ ಪಟ್ಟಿ ಇದೆ, ನಿಲುಗಡೆ ಬ್ರೇಕ್ ಅದು. ಗಾಡಿ ನಿಲ್ಲಿಸಿ, ಪೆಡಲನ್ನು ತುಳಿದು, ಬೆರಳುಗಳನ್ನು ಮೇಲಕ್ಕೆ ಚಾಚಿ ಆ ಪಟ್ಟಿಯನ್ನು ಒತ್ತಬೇಕು. ಟಕ್ಕೆಂದು ಸದ್ದಾದರೆ ಕಚ್ಚಿಕೊಂಡಿತು ಎಂದರ್ಥ. ಆಮೇಲೆ ಆಕ್ಸಿಲರೇಟರ್ ತುಳಿದರೆ ತಾನೇ ಬಿಡುತ್ತದೆ. ಉದ್ದ ಪಾದದವರು ಹಿಮ್ಮಡಿ ನೆಲಕ್ಕೂರಿಕೊಂಡೇ ಇದನ್ನು ಮಾಡುತ್ತಾರೆ. ನನ್ನಂಥ ಪಾದದವರು ಹಿಮ್ಮಡಿ ಎತ್ತಬೇಕು, ಬೆಂಚಿನಿಂದ ಅರ್ಧ ಏಳಬೇಕು, ಇಡೀ ಕಾಲನ್ನು ಗಾಳಿಯಲ್ಲಿ ಹಿಡಿದು ಒತ್ತಬೇಕು. ಸಮನೆಲದಲ್ಲಿ ನಡೆದೀತು. ಹೆದ್ದಾರಿಯ ಕೆಳಗೆ ಹಾಯುವ ಸುರಂಗಗಳ ಬಾಯಲ್ಲಿ ದಾರಿ ಇಳಿಜಾರು. ಎದುರಿನಿಂದ ಬರುವವರಿಗೆ ಜಾಗ ಬಿಟ್ಟು ಅಲ್ಲಿ ನಿಲ್ಲಬೇಕಾಗುತ್ತದೆ. ಇಳಿಜಾರಿನಲ್ಲಿ ಅರ್ಧ ಎದ್ದು ನಿಂತು ಬ್ರೇಕ್ ಹಾಕುವ ಚಾಲಕಿಯನ್ನು ಯಾವ ತಯಾರಕರೂ ಕಲ್ಪಿಸಿಕೊಂಡಿರಲಾರರು.

ಎಲ್ಲರೂ ಕೊಡುವ ಸಲಹೆ ಒಂದೇ: ಅಡಿಗೊಂದು ದಿಂಬು ಹಾಕಿಕೊಳ್ಳಿ. ಆ ಸಲಹೆಯನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ದಿಂಬು ಕಣ್ಣನ್ನು ಮೇಲಕ್ಕೆತ್ತುತ್ತದೆ ನಿಜ. ಜೊತೆಗೆ ಪಾದವನ್ನೂ ಎತ್ತುತ್ತದೆ. ಎರಡು ಇಂಚು ಮೇಲೆ ಕೂತವರಿಗೆ ಪೆಡಲು ಎರಡು ಇಂಚು ದೂರವಾಯಿತು. ಸೊಂಟದ ಕಂಬಿಯೂ ಅಷ್ಟೇ ಕೆಳಗಾಯಿತು. ಬೆಂಚಿನ ಆಳ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಮೇಲಾಗಿ ಕಾರ್ಟಿನ ಹೊದಿಕೆ ನುಣುಪಾದ ವಿನೈಲು, ಅದರ ಮೇಲೆ ದಿಂಬು ನಿಲ್ಲುವುದಿಲ್ಲ. ತಿರುವಿನಲ್ಲಿ ಮೈಯ ಭಾರವೇ ಅದನ್ನು ಪಕ್ಕಕ್ಕೆ ತಳ್ಳುತ್ತದೆ, ಬ್ರೇಕ್ ಒತ್ತುವಾಗ ಹಿಂದಕ್ಕೆ ತಳ್ಳುತ್ತದೆ. ಕೂತವರನ್ನು ಹೊತ್ತುಕೊಂಡೇ ಜಾರುವ ಆಸನ ಅದು. ಇಲ್ಲದಿದ್ದರೆ ವಾಸಿ.

ಚಿಕ್ಕಂದಿನಲ್ಲಿ ನಮ್ಮ ಮನೆಗೆ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ ಬಂದಾಗ ಅದಕ್ಕೊಂದು ಸ್ಟೂಲು ಬೇಕಾಯಿತು. ಅಮ್ಮ ನನಗಿಂತಲೂ ಗಿಡ್ಡ. ಬಡಗಿ ಬಂದವರು ಅಮ್ಮನನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿ, ಹಿಮ್ಮಡಿಯಿಂದ ಮೊಣಕಾಲಿನ ಸಂದಿಯವರೆಗೆ ದಾರ ಹಿಡಿದು ಅಳೆದು, ಆ ದಾರಕ್ಕೆ ಗಂಟು ಹಾಕಿಕೊಂಡು ಹೋದರು. ಸ್ಟೂಲು ಬಂತು. ಅದರ ಮೇಲೆ ಕೂತು ಅಮ್ಮ ಇಡೀ ಕೇರಿಯ ಲಂಗ, ರವಿಕೆ ಹೊಲಿದರು; ಬೆನ್ನುನೋವು ಎಂದವರಲ್ಲ. ಕಾರ್ಟಿನ ಬೆಂಚಿನ ಕಾಲು ಕತ್ತರಿಸಲಾಗದು, ಒಪ್ಪುತ್ತೇನೆ. ಆದರೆ ದಾರ ಹಿಡಿದು ಅಳೆಯುವುದನ್ನು ಯಾರು ತಡೆದಾರು?

ಅಳೆಯುವುದರ ಬಗ್ಗೆ ಅಮೆರಿಕದಲ್ಲೇ ಒಂದು ದೊಡ್ಡ ಪಾಠ ನಡೆದಿದೆ. 1950ರ ಸುಮಾರಿಗೆ ಅಲ್ಲಿನ ವಾಯುಪಡೆ ನಾಲ್ಕು ಸಾವಿರಕ್ಕೂ ಹೆಚ್ಚು ಪೈಲಟ್ಟುಗಳ ಮೈಯಳತೆ ತೆಗೆಸಿತು. ಕಾಕ್‌ಪಿಟ್ಟನ್ನು ಸರಾಸರಿ ಪೈಲಟ್ಟಿಗೆ ತಕ್ಕಂತೆ ಕಟ್ಟುವ ಇರಾದೆ ಅವರದು. ಅಳೆದವರಲ್ಲಿ ಒಬ್ಬನಾದ ಗಿಲ್ಬರ್ಟ್ ಡೇನಿಯಲ್ಸ್ ಎಂಬ ತರುಣ ಲೆಫ್ಟಿನೆಂಟ್ ಹತ್ತು ಮುಖ್ಯ ಅಳತೆಗಳನ್ನು ಆರಿಸಿ, ಹತ್ತರಲ್ಲೂ ಸರಾಸರಿಗೆ ಹತ್ತಿರ ಬರುವವರು 4,063 ಜನರಲ್ಲಿ ಎಷ್ಟು ಎಂದು ಲೆಕ್ಕ ಹಾಕಿದ. ಒಬ್ಬರೂ ಇರಲಿಲ್ಲ. ಸರಾಸರಿಗೆ ಕಟ್ಟಿದ ಕಾಕ್‌ಪಿಟ್ಟು ಯಾರಿಗೂ ಹೊಂದುವುದಿಲ್ಲ ಎಂಬುದು ಆಗ ಮನದಟ್ಟಾಯಿತು. ಸೀಟು, ಪೆಡಲು, ಪಟ್ಟಿಗಳನ್ನು ಕೂರುವವರಿಗೆ ತಕ್ಕಂತೆ ಸರಿಸಿಕೊಳ್ಳುವ ಏರ್ಪಾಡು ಇರಲೇಬೇಕೆಂದು ವಾಯುಪಡೆ ಪಟ್ಟು ಹಿಡಿಯಿತು. ನಮ್ಮಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯೂ ಭಾರತೀಯರ ಮೈಯಳತೆಗಳ ಪುಸ್ತಕವೊಂದನ್ನು 1997ರಲ್ಲಿ ಹೊರತಂದಿದೆ, ದೇವಕುಮಾರ ಚಕ್ರವರ್ತಿ ಅವರದು. ವಿದೇಶಿ ಕೋಷ್ಟಕ ನೋಡಿ ಕುರ್ಚಿ, ಟೇಬಲ್ಲು, ಯಂತ್ರ ಮಾಡುವ ನಮ್ಮ ತಯಾರಕರ ಮೇಜಿನ ಮೇಲೆ ಅದು ಇರಬೇಕು. ಕೂತು ನಡೆಸುವ ಯಂತ್ರ ಯಾವುದೇ ಇರಲಿ, ಕೂರುವವರ ಕಡೆಗೆ ಬರಬೇಕಾದ್ದು ಯಂತ್ರ ಎಂಬುದರಲ್ಲಿ ನನಗೆ ಸಂಶಯವೇ ಇಲ್ಲ.

ನಮ್ಮ ಎದುರು ಮನೆಯವರು ವಿಮಾನಗಳ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಅಟ್ಲಾಂಟಾ ವಿಮಾನ ನಿಲ್ದಾಣ ಹತ್ತಿರವಿರುವುದರಿಂದ ಈ ಊರಲ್ಲಿ ಅಂಥವರು ಬಹಳ. ಎದುರು ಮನೆಯವರನ್ನು ನಾನು ಕೇಳಿದ್ದು ಒಂದೇ: ನನ್ನನ್ನು ಎತ್ತರಿಸಬೇಡಿ, ಒರಗನ್ನು ನನ್ನ ಹತ್ತಿರ ತನ್ನಿ. ಅವರು ಗಾಡಿ ನೋಡುವ ಮೊದಲು ನನ್ನನ್ನು ಕೂರಲು ಹೇಳಿ, ಮೊಣಕಾಲಿನ ಹಿಂದೆ ಎರಡು ಬೆರಳು ಆಡುವಷ್ಟು ಜಾಗ ಬಿಟ್ಟು, ಬೆನ್ನಿನ ಹಿಂದೆ ರಟ್ಟಿನ ಹಾಳೆಗಳನ್ನು ಒಂದೊಂದಾಗಿ ಸೇರಿಸುತ್ತ ಹೋದರು. ಪಾದ ಪೂರ್ತಿಯಾಗಿ ಪೆಡಲಿನ ಮೇಲೆ ಕೂತು, ಬೆನ್ನು ಪೂರ್ತಿಯಾಗಿ ರಟ್ಟಿಗೆ ಒರಗಿದಾಗ ಅಳತೆ ಪಟ್ಟಿ ಹಿಡಿದರೆ ನಾಲ್ಕು ಇಂಚು. ಎಂಟು ಹತ್ತು ಇಂಚಿನ ಕಂದಕವೇನೋ ಎಂದು ನಾನು ಅಂದುಕೊಂಡಿದ್ದ ಅಂತರ ಇಷ್ಟೇ!

ನಾಲ್ಕರಲ್ಲಿ ಒಂದು ಇಂಚನ್ನು ಬೆಂಚಿನ ಮುಂಭಾಗದಿಂದಲೇ ತೆಗೆದೆವು. ಮೆತ್ತೆಯನ್ನು ತಿರುವಿ ಹಾಕಿದರೆ ಅಡಿಯ ಹಲಗೆಗೆ ವಿನೈಲನ್ನು ಸ್ಟೇಪಲ್ ಹೊಡೆದು ಬಿಗಿದಿರುತ್ತದೆ. ಮುಂದಿನ ಸಾಲಿನ ಸ್ಟೇಪಲ್ಲುಗಳನ್ನು ಕಿತ್ತು, ವಿನೈಲನ್ನು ಹಿಂದಕ್ಕೆ ಸುರುಳಿ ಸುತ್ತಿ, ಚೌಕಾಗಿದ್ದ ಫೋಮಿನ ಅಂಚನ್ನು ಉದ್ದ ಅಲಗಿನ ಚಾಕುವಿನಿಂದ ಸವರಿ ಇಳಿಜಾರು ಮಾಡಿ, ಮತ್ತೆ ಎಳೆದು ಬಿಗಿದರು ಸೀಟಿನ ಹೊದಿಕೆ ಹೊಲಿಯುವವರೊಬ್ಬರು. ಸವರಿದ ಫೋಮಿನ ತುಂಡು ಒಂದು ಹಿಡಿಯಷ್ಟೂ ಇರಲಿಲ್ಲ. ಆದರೆ ಮೊಣಕಾಲಿನ ಹಿಂದೆ ಚುಚ್ಚುತ್ತಿದ್ದ ಆ ಗಟ್ಟಿ ಅಂಚು ಹೋಗಿ, ಕಾಲು ಅಲ್ಲಿ ಸಲೀಸಾಗಿ ಮಡಿಚಿ ಕೆಳಗಿಳಿಯಿತು.

ಉಳಿದ ಮೂರು ಇಂಚು ಬೆನ್ನಿನ ಕಡೆಯಿಂದ. ಇಲ್ಲಿ ಇನ್ನೊಬ್ಬರ ಮೈಯೂ ಲೆಕ್ಕಕ್ಕೆ ಬಂತು. ನಮ್ಮವರು ಆರಡಿ, ಗಾಡಿ ಅವರದೂ ಹೌದು. ಒರಗಿನ ಕಂಬಿಗಳನ್ನೇ ಮುಂದಕ್ಕೆ ಸರಿಸಿ ಬೋಲ್ಟ್ ಹಾಕಿದರೆ ಅವರ ಮಂಡಿ ಡ್ಯಾಶ್‌ಬೋರ್ಡಿಗೆ ತಾಗುತ್ತದೆ. ಹಾಗಾಗಿ ಚಾಲಕರ ಪಕ್ಕಕ್ಕೆ ಮಾತ್ರ, ಬೇಕೆಂದಾಗ ಹಾಕಿ ತೆಗೆಯುವ ಬೆನ್ನಿನ ಮೆತ್ತೆ ಮಾಡಿದೆವು. ಅರ್ಧ ಇಂಚಿನ ಮರೈನ್ ಪ್ಲೈವುಡ್ಡು, ಅದರ ಮೇಲೆ ಬುಡದಲ್ಲಿ ಎರಡೂವರೆ ಇಂಚು ದಪ್ಪವಿದ್ದು ಮೇಲೆ ಹೋದಂತೆ ತೆಳುವಾಗುವ ಗಟ್ಟಿ ಫೋಮು. ನೀರು ಹೀರದ ಜಾತಿಯದೇ ಆಗಬೇಕು, ಜಾರ್ಜಿಯಾದ ಬೇಸಿಗೆಯ ಮಳೆ ಹೇಳಿ ಬರುವುದಿಲ್ಲ. ಮೇಲುಗಡೆ ತೆಳುವಾಗಿಸಿದ್ದು ಹೆಗಲು ಮುಂದಕ್ಕೆ ತಳ್ಳಲ್ಪಡಬಾರದೆಂದು. ಆಸರೆ ಬೇಕಿರುವುದು ಸೊಂಟಕ್ಕೆ. ಮೇಲ್ತುದಿಯಲ್ಲಿ ಒರಗಿನ ಮೇಲೆ ಮಗುಚಿ ಕೂರುವ ಅಗಲವಾದ ಕೊಕ್ಕೆ, ಕೆಳಗೆ ಹಿಂಬದಿಗೆ ಸುತ್ತಿ ಬಿಗಿಯುವ ಎರಡು ಪಟ್ಟಿ.

ಹಾಕಿ ತೆಗೆಯುವಂಥದ್ದು ಎಂದ ಮೇಲೆ ಇದೂ ದಿಂಬಿನ ಹಾಗೆ ಜಾರುವುದಿಲ್ಲವೇ ಎಂದು ನಾನೂ ಕೇಳಿದೆ. ಎದುರು ಮನೆಯವರು ಕೊಟ್ಟ ಉತ್ತರ ನನಗೆ ಈಗಲೂ ಮೆಚ್ಚುಗೆ. ಅಡಿಗೆ ಹಾಕಿದ ದಿಂಬನ್ನು ಮೈ ಅದರ ಜಾಗದಿಂದ ಹೊರಗೆ ತಳ್ಳುತ್ತದೆ. ಬೆನ್ನಿಗೆ ಹಾಕಿದ ಮೆತ್ತೆಯನ್ನು ಮೈ ಅದರ ಜಾಗಕ್ಕೇ ಒತ್ತಿ ಕೂರಿಸುತ್ತದೆ. ಬ್ರೇಕನ್ನು ಎಷ್ಟು ಜೋರಾಗಿ ತುಳಿದರೆ ಬೆನ್ನು ಅಷ್ಟು ಜೋರಾಗಿ ಹಿಂದಕ್ಕೆ ಒತ್ತುತ್ತದೆ, ಮೆತ್ತೆ ಅಷ್ಟು ಭದ್ರವಾಗುತ್ತದೆ. ವಿಮಾನದ ಕೆಲಸ ಮಾಡಿದವರು ಬಲ ಯಾವ ಕಡೆಗೆ ಹರಿಯುತ್ತದೆಂದು ಮೊದಲು ನೋಡುತ್ತಾರೆ.

ಪೆಡಲುಗಳಿಗೆ ಮರದ ಅಥವಾ ಅಲ್ಯೂಮಿನಿಯಂ ಗುಬುಟು ಹಾಕಿ ಎತ್ತರಿಸುವ ದಾರಿಯೂ ಉಂಟು. ಕೆಲವರಿಗೆ ಅದು ಬೇಕೇ ಆಗುತ್ತದೆ. ನಾನು ಒಪ್ಪಲಿಲ್ಲ. ಬ್ರೇಕಿನ ಮೇಲ್ತುದಿಯ ಆ ಪಟ್ಟಿ ಇನ್ನೂ ಮೇಲೆ ಹೋಗುತ್ತದೆ. ಒಂದು ಪೆಡಲು ಇನ್ನೊಂದಕ್ಕಿಂತ ತುಸು ಹೆಚ್ಚು ಎತ್ತರವಾದರೂ ಬಲಗಾಲು ಆಕ್ಸಿಲರೇಟರಿನಿಂದ ಬ್ರೇಕಿಗೆ ಹೊರಳುವಾಗ ತೊಡರುತ್ತದೆ. ಗುಬುಟು ಸಡಿಲಾಗಿ ಪೆಡಲಿನಡಿ ಸಿಕ್ಕಿದರೆ ದೇವರೇ ಗತಿ. ಅದರ ಬದಲು ಹಿಮ್ಮಡಿ ಊರುವ ಜಾಗದಲ್ಲಿ ನೆಲವನ್ನೇ ಸ್ವಲ್ಪ ಏರಿಸಿದೆವು. ಹಿಂದೆ ದಪ್ಪ, ಪೆಡಲಿನ ಕಡೆಗೆ ತೆಳುವಾಗುವ ಇಳಿಜಾರಿನ ಹಲಗೆ, ಮೇಲೆ ಗೀರುಗೀರಾದ ರಬ್ಬರು, ನೆಲದ ಹಾಳೆಗೆ ಬೋಲ್ಟ್. ಪೆಡಲನ್ನು ಕೊನೆಯವರೆಗೆ ತುಳಿದರೂ ಹಲಗೆಯ ಅಂಚು ಅದಕ್ಕೆ ತಾಗಬಾರದು; ಅಂಗೈ ಅಗಲ ಬಿಟ್ಟು ನಿಲ್ಲಿಸಿದರು. ಆಕ್ಸಿಲರೇಟರ್ ಅಲ್ಪ ಒತ್ತಡಕ್ಕೂ ಸ್ಪಂದಿಸುವ ಗಾಡಿಯಲ್ಲಿ ಹಿಮ್ಮಡಿ ನೆಲಕ್ಕೂರಿರುವುದು ಎಷ್ಟು ಮುಖ್ಯ ಎಂಬುದನ್ನು ಹಿಮ್ಮಡಿ ಊರಿದವರೇ ಬಲ್ಲರು. ಕಾಲು ತೂಗಾಡುತ್ತಿದ್ದಾಗ ದಾರಿಯ ಪ್ರತಿ ಬೇರು, ಪ್ರತಿ ಉಬ್ಬಿಗೂ ಗಾಡಿ ಮುಗ್ಗರಿಸುತ್ತಿತ್ತು, ಏಕೆಂದರೆ ಮೈ ಕುಲುಕಿದಂತೆಲ್ಲ ಪಾದ ಪೆಡಲನ್ನು ಒತ್ತಿ ಬಿಡುತ್ತಿತ್ತು. ಈಗ ಅದು ನಿಂತಿದೆ.

ಗಾಜಿನ ಸಂಗತಿ ಬೇರೆ. ಕಾರ್ಟುಗಳ ಮುಂದಿನ ಗಾಜು ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನದು, ಅಡ್ಡಲಾಗಿ ಎರಡು ತುಂಡು. ಸೆಕೆಯಾದಾಗ ಮೇಲಿನದನ್ನು ಮಡಿಚಿ ಕೆಳಗಿಳಿಸಬಹುದು. ಎರಡೂ ಕೂಡುವಲ್ಲಿ ರಬ್ಬರಿನದೊಂದು ಕಪ್ಪು ಪಟ್ಟೆ ಇರುತ್ತದೆ. ಎತ್ತರದವರು ಅದರ ಮೇಲಿಂದ ನೋಡುತ್ತಾರೆ. ನನ್ನ ಕಣ್ಣಿನ ನೇರಕ್ಕೆ ಸರಿಯಾಗಿ ಅದು ಅಡ್ಡ ಬರುತ್ತಿತ್ತು; ದೂರದಲ್ಲಿ ದಾರಿ ದಾಟುವ ಮಗುವೊಂದು ಆ ಪಟ್ಟೆಯ ಹಿಂದೆ ಪೂರ್ತಿ ಮರೆಯಾಗಬಹುದು. ಮಡಿಚದ, ಒಂದೇ ತುಂಡಿನ ಗಾಜು ಹಾಕಿಸಿದೆವು. ಸೆಕೆಯೇನೋ ಹೆಚ್ಚಾಯಿತು. ಪಕ್ಕವೆಲ್ಲ ತೆರೆದೇ ಇರುವಾಗ ಅದೊಂದು ದೂರೇ ಅಲ್ಲ.

ಸೊಂಟದ ಕಂಬಿಗೂ ಒಂದು ಚೂರು ಕೆಲಸವಿತ್ತು. ಮೂರು ಇಂಚು ಮುಂದೆ ಕೂತವರಿಗೆ ಅದು ಹಿಂದೆ ಉಳಿಯುತ್ತದೆ. ಮುಂದಕ್ಕೆ ಚಾಚುವಂಥ ಬಾಗಿದ ಕೊಳವೆಯೊಂದನ್ನು ಅದೇ ಬೋಲ್ಟುಗಳಿಗೆ ಸೇರಿಸಿದರು. ಆದರೆ ಕಂಬಿಗಿಂತ ಮಿಗಿಲಾಗಿ ನನ್ನ ಮನಸ್ಸಿನಲ್ಲಿರುವುದು ಸೀಟ್ ಬೆಲ್ಟ್. ಗಂಟೆಗೆ 20ರಿಂದ 25 ಮೈಲಿ ಹೋಗುವ, ರಸ್ತೆಗಿಳಿಯುವ ಗಾಡಿಗಳಿಗೆ ಅಮೆರಿಕದ ಕೇಂದ್ರ ಸರ್ಕಾರ 1998ರಿಂದಲೇ ಬೆಲ್ಟು, ದೀಪ, ಕನ್ನಡಿ ಕಡ್ಡಾಯ ಮಾಡಿದೆ. ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ಈ ಗಾಡಿಗಳಿಗೂ ಅದು ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಷ್ಟೆಲ್ಲ ಆದ ಮೇಲೆ ಗಾಡಿ ನಡೆಸುವುದರಲ್ಲಿ ಏನು ವ್ಯತ್ಯಾಸವಾಯಿತು? ಮೊದಲಿಗೆ ಕೈ ಹಗುರಾಯಿತು. ಬೆನ್ನು ಒರಗಿಗೆ ಸೇರಿದ್ದರಿಂದ ಸ್ಟಿಯರಿಂಗನ್ನು ಹಿಡಿದು ತೂಗಬೇಕಿಲ್ಲ, ಬೆರಳುಗಳಲ್ಲೇ ತಿರುಗಿಸಬಹುದು. ಎರಡನೆಯದು ಕತ್ತು. ತುದಿಯಲ್ಲಿ ಕೂತಾಗ ಗದ್ದ ಮುಂದಕ್ಕೆ ಚಾಚಿಕೊಂಡಿರುತ್ತಿತ್ತು, ಹಿಂದೆ ತಿರುಗಿ ನೋಡುವುದೆಂದರೆ ಇಡೀ ಮೈ ತಿರುಗಬೇಕಿತ್ತು. ಸೈಕಲ್ಲಿನ ಹುಡುಗರು ಎಡದಿಂದ ಗಂಟೆ ಹೊಡೆಯುತ್ತ ಬಂದರೆ ಎದೆ ಧಸಕ್ಕೆನ್ನುತ್ತಿತ್ತು. ಈಗ ಕತ್ತಷ್ಟೇ ತಿರುಗುತ್ತದೆ. ಸುರಂಗದ ಇಳಿಜಾರಿನಲ್ಲಿ ಕೂತಲ್ಲಿಂದಲೇ ಬೆರಳು ಚಾಚಿ ಪಟ್ಟಿ ಒತ್ತುತ್ತೇನೆ, ಟಕ್ಕೆನ್ನುತ್ತದೆ. ಆ ಸದ್ದು ನನಗೆ ಬಹಳ ಇಷ್ಟ. ನಮ್ಮವರು ನಡೆಸುವಾಗ ಎರಡು ಪಟ್ಟಿ ಬಿಚ್ಚಿ ಮೆತ್ತೆಯನ್ನು ಹಿಂದಿನ ಬುಟ್ಟಿಗೆ ಹಾಕುತ್ತಾರೆ. ಹಿಮ್ಮಡಿಯ ಹಲಗೆ ಅವರ ದೊಡ್ಡ ಶೂಗಳಿಗೂ ಅಡ್ಡಿಯಾಗಿಲ್ಲ.

ನಮ್ಮ ನಾಡಿನ ಊರುಗಳಿಂದ ಮಕ್ಕಳ ಮನೆಗೆಂದು ಬರುವ ತಾಯಂದಿರನ್ನು ಇಲ್ಲಿ ಕಾರ್ಟಿನ ಹಿಂದಿನ ಸೀಟಿನಲ್ಲಿ ಕೂರಿಸಿ ಕೆರೆ ಸುತ್ತಿಸುವುದು ರೂಢಿ. ನಮ್ಮ ಕಡೆಯ ಹೆಂಗಸರ ಸರಾಸರಿ ಎತ್ತರ ಐದು ಅಡಿಯ ಸುತ್ತಮುತ್ತ. ಹಿಂದಕ್ಕೆ ಮುಖ ಮಾಡಿದ ಆ ಸೀಟಿನಲ್ಲಿ ಅವರ ಕಾಲು ಪಾದದ ಹಲಗೆಗೆ ಎಟಕುವುದಿಲ್ಲ. ಒಂದು ಕೈಲಿ ಸೆರಗು, ಇನ್ನೊಂದರಲ್ಲಿ ಕಂಬಿ ಹಿಡಿದು, ನಗುನಗುತ್ತಲೇ ಹೆದರಿಕೊಂಡು ಕೂತಿರುತ್ತಾರೆ. ಲಾಲ್‌ಬಾಗಿನಲ್ಲಿ, ಮೈಸೂರು ಮೃಗಾಲಯದಲ್ಲಿ ಬ್ಯಾಟರಿ ಗಾಡಿ ಹತ್ತಿದವರೂ ಅವರೇ. ಬೆಂಗಳೂರಿನ ಮೈನಿಯಂಥ ಕಂಪನಿಗಳು ಇಂಥ ಬಗ್ಗಿಗಳನ್ನು ನಮ್ಮಲ್ಲೇ ತಯಾರಿಸುತ್ತವೆ. ಪಾದದ ಹಲಗೆಯನ್ನು ಎರಡು ಎತ್ತರಗಳಲ್ಲಿ ಸಿಕ್ಕಿಸುವಂತೆ ನಾಲ್ಕು ತೂತು ಹೆಚ್ಚು ಕೊರೆದರೆ ಎಷ್ಟೋ ಅಜ್ಜಿಯರ ಕಾಲಿಗೆ ನೆಲ ಸಿಗುತ್ತದೆ. ಇದನ್ನು ಯಾರಾದರೂ ತಯಾರಕರು ಓದಲಿ ಎಂದೇ ಬರೆಯುತ್ತಿದ್ದೇನೆ.

ಅಟ್ಲಾಂಟಾದ ನೃಪತುಂಗ ಕನ್ನಡ ಕೂಟದ ಮೂಲಕ ಪರಿಚಯವಾದ ಗೆಳತಿಯೊಬ್ಬರು ಹೋದ ತಿಂಗಳು ನನ್ನ ಗಾಡಿಯಲ್ಲಿ ಕೂತು, ಬ್ರೇಕ್ ತುಳಿದು ನೋಡಿ, ತಮ್ಮ ಗಾಡಿಗೂ ಹೀಗೇ ಆಗಬೇಕೆಂದರು. ಅವರು ನನಗಿಂತ ಒಂದಿಂಚು ಗಿಡ್ಡ. ಆದರೆ ನನ್ನ ಮೆತ್ತೆ ಅವರಿಗೆ ಹೊಂದಲಿಲ್ಲ. ಅವರ ಎಡ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿದೆ, ಅದು ಪೂರ್ತಿ ಮಡಿಚುವುದಿಲ್ಲ; ಮೂರು ಇಂಚು ಮುಂದೆ ತಂದರೆ ಆ ಕಾಲು ಇಕ್ಕಟ್ಟಾಗುತ್ತದೆ. ಅವರ ಗಾಡಿಯೂ ಬೇರೆ: ಪೆಟ್ರೋಲಿನದು, ನಾಲ್ಕು ಸೀಟಿನದು, ಒರಗಿನ ಕಂಬಿಗಳನ್ನು ಹಿಂದಿನ ಸೀಟಿನ ಚೌಕಟ್ಟಿಗೆ ಬೆಸೆದುಬಿಟ್ಟಿದ್ದಾರೆ, ಕೊಕ್ಕೆ ಮಗುಚಲು ಸಂದಿಯಿಲ್ಲ. ಎದುರು ಮನೆಯವರು ಮತ್ತೆ ರಟ್ಟಿನ ಹಾಳೆ ತಂದು ಅವರನ್ನು ಕೂರಿಸಿ ಅಳೆದಿದ್ದಾರೆ. ಬೆನ್ನಿಗೆ ಎರಡೇ ಇಂಚು ಸಾಕು, ಬಲ ಹಿಮ್ಮಡಿಗೆ ನನ್ನದಕ್ಕಿಂತ ತುಸು ಎತ್ತರದ ಹಲಗೆ, ಎಡಪಾದ ನೀಡಿಕೊಂಡು ಇಡಲು ಮುಂದೆ ಪ್ರತ್ಯೇಕ ಇಳಿಜಾರು. ಕೊಕ್ಕೆಯ ಬದಲು ಚೌಕಟ್ಟಿನ ಕೊಳವೆಗೆ ಸುತ್ತಿ ಬಿಗಿಯುವ ಹಿಡಿಗಳನ್ನು ತರಿಸಿದ್ದಾಗಿದೆ. ಪ್ಲೈವುಡ್ಡನ್ನು ಈ ಶನಿವಾರ ಕತ್ತರಿಸುತ್ತಾರೆ. ವಿನೈಲಿನ ಬಣ್ಣ ಯಾವುದೆಂದು ಗೆಳತಿ ಇನ್ನೂ ಹೇಳಬೇಕು.